ತಮ್ಮನಿಗೆ ಗೊತ್ತಿದ್ದದ್ದನ್ನೇ ಹೇಳುವ ಅಕ್ಕ

ಆ ಅಕ್ಕನ ಬಾಯಿ ಪರದೆಯ ಮೇಲೆ ನಲವತ್ತು ಸೆಕೆಂಡು ಆಡುತ್ತದೆ. ಕ್ಯಾಮೆರಾ ಅವಳ ಮುಖ ಬಿಟ್ಟು ಅತ್ತಿತ್ತ ಹೋಗುವುದಿಲ್ಲ. ಎದುರಿಗೆ ಅವಳ ತಮ್ಮ ನಿಂತಿದ್ದಾನೆ. ಎದೆಯ ಮೇಲೆ ನೀಲಿ ಕಲ್ಲು, ಬೆನ್ನಿಗೆ ಉಕ್ಕಿನ ರೆಕ್ಕೆ, ಊರು ಕಾಯುವ ಮಹಾಶೂರ. ಡಬ್ಬಿಂಗಿಗೆ ಮಾತು ಬರೆಯುವವರಿಗೆ ಇದಕ್ಕಿಂತ ಇಕ್ಕಟ್ಟಿನ ಜಾಗ ಇನ್ನೊಂದಿಲ್ಲ. ಪಾತ್ರ ಬೆನ್ನು ತಿರುಗಿಸಿ ನಿಂತಿದ್ದರೆ ಏನಾದರೂ ಬರೆದು ಪಾರಾಗಬಹುದು. ಎದುರಿಗೇ ಇರುವ ಬಾಯಿಯನ್ನು ಯಾಮಾರಿಸಲು ಆಗುವುದಿಲ್ಲ.

ನಮ್ಮ ಸ್ಟುಡಿಯೋ ಇರುವುದು ತುಮಕೂರಿನ ಶಿರಾ ಗೇಟ್ ಹತ್ತಿರ, ಒಂದು ಪ್ಲೈವುಡ್ ಅಂಗಡಿಯ ಮೇಲೆ. ಸ್ಟುಡಿಯೋ ಎಂದರೆ ಎರಡು ಕೋಣೆ; ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಕಂಪ್ಯೂಟರು. ಕೆಳಗೆ ಗರಗಸ ಶುರುವಾದರೆ ನಾವು ಕಾಫಿಗೆ ಹೋಗುತ್ತೇವೆ, ಗರಗಸ ನಿಂತರೆ ಓಡಿ ಬಂದು ರೆಕಾರ್ಡ್ ಮಾಡುತ್ತೇವೆ. ಅಲ್ಲಿಯತನಕ ಮಕ್ಕಳ ಕಾರ್ಟೂನು, ಸೋಪಿನ ಜಾಹೀರಾತು ಮಾಡಿಕೊಂಡಿದ್ದ ನಮಗೆ ಒಂದು ದಿನ ಮುಂಬೈ ಕಂಪನಿಯೊಂದರಿಂದ ಈ ಹೊರದೇಶದ ಸೂಪರ್‌ಹೀರೋ ಸಿನಿಮಾ ಬಂತು. ಸರಣಿಯಲ್ಲಿ ಅದು ಎರಡನೆಯ ಭಾಗ. ಮೊದಲ ಭಾಗ ಕನ್ನಡಕ್ಕೆ ಬಂದೇ ಇರಲಿಲ್ಲ.

ಕಂಪನಿಯ ಕರಾರು ಸರಳವಾಗಿತ್ತು. ಮೊದಲ ಅರ್ಧ ಗಂಟೆಯನ್ನು ಕನ್ನಡದಲ್ಲಿ ಸಿದ್ಧ ಮಾಡಿ ಕೊಡಬೇಕು. ಅದನ್ನು ಅಭಿಮಾನಿಗಳಿಗೂ ಹೊಸಬರಿಗೂ ಒಟ್ಟಿಗೆ ತೋರಿಸುತ್ತಾರೆ. ಅವರು ಒಪ್ಪಿದರೆ ಉಳಿದ ಸಿನಿಮಾ, ಮುಂದಿನ ಭಾಗ ಎಲ್ಲ ನಮಗೇ. ಒಪ್ಪದಿದ್ದರೆ ಕನ್ನಡದ ಆವೃತ್ತಿಯನ್ನೇ ಕೈಬಿಡುತ್ತಾರೆ.

"ಮೇಡಂ, ಇದೊಂದು ಕೈಹತ್ತುದ್ರೆ ನಾವು ಸೋಪಿನ ನೊರೆಯಿಂದ ಆಚೆಗ್ ಬರ್ತೀವಿ" ಎಂದರು ಸ್ಟುಡಿಯೋ ಮಾಲೀಕರು.

ನನಗೂ ಅದೇ ಆಸೆ. ಮುಚ್ಚುಮರೆ ಯಾಕೆ, ಆ ಸಿನಿಮಾದ ಕೊನೆಯಲ್ಲಿ ಕನ್ನಡ ಸಂಭಾಷಣೆ ಎಂದು ನನ್ನ ಹೆಸರು ಬರುವುದನ್ನು ನಾನು ಆಗಲೇ ಎರಡು ಮೂರು ಸಲ ಮನಸ್ಸಿನಲ್ಲೇ ನೋಡಿ ಮುಗಿಸಿದ್ದೆ.

ಅರ್ಧ ಗಂಟೆಯಲ್ಲಿ ಹೊಡೆದಾಟವೇ ಹೆಚ್ಚು. ಹೊಡೆದಾಟ ನಮಗೆ ಹಬ್ಬ. "ಆ", "ಊ", "ತಗೋ" ಎಂದರೆ ಮುಗಿಯಿತು. ತೊಡಕಾದದ್ದು ಅಕ್ಕನ ಆ ನಲವತ್ತು ಸೆಕೆಂಡು. ಮೊದಲ ಭಾಗ ನೋಡದವರಿಗಾಗಿ ಹಳೆಯ ಕಥೆಯನ್ನೆಲ್ಲ ಅವಳ ಬಾಯಿಗೆ ತುರುಕಿದ್ದರು. ನಾನು ಮೂಲಕ್ಕೆ ನಿಷ್ಠಳಾಗಿ ಬರೆದೆ:

"ತಮ್ಮಾ, ನಿನಗೆ ತಿಳಿದಿರುವಂತೆ ನಮ್ಮ ತಂದೆ ದೊಡ್ಡ ವಿಜ್ಞಾನಿ. ಪ್ರಯೋಗಾಲಯದ ಬೆಂಕಿಯಲ್ಲಿ ಅವರು ತೀರಿಕೊಂಡರು. ಹೊರಗಿನಿಂದ ಬಾಗಿಲು ಹಾಕಿದವನು ನೀನು. ಆ ತಪ್ಪನ್ನು ನಾನು ಹೊತ್ತು ಏಳು ವರ್ಷ ಸೆರೆಮನೆಯಲ್ಲಿದ್ದೆ. ತಂದೆ ಮಾಡಿದ ಆ ನೀಲಿ ಕಲ್ಲೇ ನಿನಗೆ ಶಕ್ತಿ ಕೊಟ್ಟಿದೆ. ಅದು ಒಡೆದರೆ ನಿನ್ನ ಪ್ರಾಣವೂ ಹೋಗುತ್ತದೆ."

ಬರೆಯುವುದೆಂದರೆ ಬರೀ ಬರೆಯುವುದಲ್ಲ. ಪರದೆಯಲ್ಲಿ ತುಟಿ ಕೂಡಿದ ಕಡೆ ನಮ್ಮ ಮಾತಿನಲ್ಲೂ ಪ, ಬ, ಮ ಬೀಳಬೇಕು. ಬಾಯಿ ತೆರೆದ ಕಡೆ ಆ, ಓ ಬರಬೇಕು. ಅವಳು ಉಸಿರು ತೆಗೆದುಕೊಂಡಲ್ಲಿ ನಾವೂ ತೆಗೆದುಕೊಳ್ಳಬೇಕು. ತುಂಡು ತುಂಡಾಗಿ ನಿಲ್ಲಿಸಿ, ತುಟಿ ಲೆಕ್ಕ ಹಾಕಿ, "ಪ್ರಯೋಗಾಲಯ"ದ ಪ-ಕಾರವನ್ನು ಸರಿಯಾಗಿ ಅವಳ ತುಟಿಯ ಮೇಲೆ ಕೂರಿಸಿದಾಗ ನನಗೆ ಬಹಳ ಹೆಮ್ಮೆಯಾಗಿತ್ತು. ಅಕ್ಕನಿಗೆ ದನಿ ಕೊಡುತ್ತಿದ್ದವರು ನಿಟ್ಟೂರಿನ ಒಬ್ಬ ಶಾಲಾ ಟೀಚರ್. ಅವರು ಅದನ್ನು ಮಕ್ಕಳಿಗೆ ಪಾಠ ಓದಿದಷ್ಟು ಸ್ಪಷ್ಟವಾಗಿ ಓದಿದರು.

ಕಂಪನಿಗೆ ಕಳಿಸುವ ಮೊದಲು ನಮ್ಮೂರ ಅಭಿಮಾನಿಯೊಬ್ಬರಿಗೆ ತೋರಿಸೋಣ ಎಂದರು ಮಾಲೀಕರು. ಯಾರೋ ಗಡ್ಡ ಬಿಟ್ಟ, ಕಪ್ಪು ಟೀ ಶರ್ಟಿನ ಕಾಲೇಜು ಹುಡುಗ ಬರುತ್ತಾನೆ ಎಂದುಕೊಂಡಿದ್ದೆ. ಬಂದವರು ಗುಬ್ಬಿಯ ಬ್ಯಾಂಕೊಂದರ ಕ್ಯಾಷಿಯರ್. ಕಾಟನ್ ಸೀರೆ, ಜಡೆಗೆ ಒಂದು ಮೊಳ ಮಲ್ಲಿಗೆ, ಕೈಯಲ್ಲಿ ಊಟದ ಡಬ್ಬಿಯ ಚೀಲ. ಗುಬ್ಬಿ, ತುಮಕೂರಿನ ಸೂಪರ್‌ಹೀರೋ ಅಭಿಮಾನಿಗಳ ಗುಂಪು ನಡೆಸುವವರು ಅವರೇ ಎಂದು ಮಾಲೀಕರು ಹೇಳಿದಾಗ ನಾನು ತಡಬಡಿಸಿ ಅವರಿಗೆ ಕುರ್ಚಿ ಎಳೆದು ಕೊಟ್ಟೆ.

ಹೊಡೆದಾಟಗಳನ್ನು ಅವರು ಕುರ್ಚಿಯ ತುದಿಯಲ್ಲಿ ಕೂತು ನೋಡಿದರು. ಅಕ್ಕ ಮಾತು ಶುರು ಮಾಡಿದಳು. ಕ್ಯಾಷಿಯರಮ್ಮ ಹಿಂದಕ್ಕೆ ಒರಗಿ ಹಣೆ ಚಚ್ಚಿಕೊಂಡರು.

"ಏನ್ರೀ ಇದು? ಏಳ್ ವರ್ಷ ಜೈಲಲ್ಲಿದ್ದು ಬಂದಿರೋಳು ತಮ್ಮಂಗೆ ಜನರಲ್ ನಾಲೆಡ್ಜ್ ಹೇಳ್ಕೊಡ್ತಾಳಾ? ಅಪ್ಪ ಸತ್ತಿದ್ದು ಅವ್ನಿಗೆ ಗೊತ್ತಿಲ್ವಾ? ಮಣ್ಣು ಮಾಡಿದ್ದೇ ಅವ್ನು!"

ನಾನು ಸೋಲಲಿಲ್ಲ. "ನಮ್ಮೂರ ನಾಟಕದಲ್ಲಿ ರಾಜನ ಪಾರ್ಟಿನವರು ಬಂದು, ನಾನು ಯಾರು ಗೊತ್ತೇ ಅಂತ ಶುರು ಮಾಡಿ ಕುಲಗೋತ್ರ ಎಲ್ಲ ಹೇಳ್ತಾರಲ್ಲ ಮೇಡಂ. ಅದಕ್ಕೆ ಶಿಳ್ಳೆ ಹೊಡೀತೀವಿ. ಇದಕ್ಕೆ ಮಾತ್ರ ಯಾಕೆ ಸಿಟ್ಟು?" ಎಂದೆ.

"ಅಯ್ಯೋ, ಅವ್ನು ನಮ್ಕಡೆ ತಿರುಗಿ ನಮಗೇ ಹೇಳ್ತಾನೆ ಕಣ್ರಿ, ಗಂಡಸಿನ ಥರ. ಇವ್ಳು ಅವ್ನ ಮುಖ ನೋಡ್ಕೊಂಡು ನಮಗೆ ಹೇಳ್ತಾ ಇದಾಳೆ. ಅವನನ್ನ ಲೈಟು ಕಂಬ ಮಾಡ್ಬಿಟ್ಟಿದಾಳೆ. ಅವ್ನೂ ಹೂಂ ಹೂಂ ಅಂತ ಕೇಳಿಸ್ಕೊತಾನೆ, ಪೆದ್ದನ ಹಂಗೆ. ಆ ಹುಡುಗನ್ನ ಇಷ್ಟು ವರ್ಷದಿಂದ ನಮ್ಮನೆ ಹುಡುಗ ಅನ್ಕೊಂಡಿದೀವಿ. ಅವ್ನನ್ನ ಹಿಂಗೆ ಮಾಡಿದ್ರೆ ಹೊಟ್ಟೆ ಉರಿಯಲ್ವಾ?"

ಅವರು ಡಬ್ಬಿಯ ಚೀಲ ಎತ್ತಿಕೊಂಡು ಗುಬ್ಬಿ ಬಸ್ಸಿಗೆ ಹೋದರು. ಹೇಳಿದ್ದು ಅನ್ಯಾಯವಾಗಿರಲಿಲ್ಲ. ಅಭಿಮಾನಿ ಎಂದರೆ ಒಂದು ಮನೆಯ ಸುಖದುಃಖವನ್ನು ನೆನಪಿಟ್ಟುಕೊಂಡವರು. ಅವರೆದುರು ಅದೇ ಮನೆಯವರು ತಮ್ಮ ಅಪ್ಪನ ಸಾವನ್ನು ರೇಡಿಯೋ ವಾರ್ತೆಯಂತೆ ಓದಿದರೆ, ಇಷ್ಟು ದಿನ ನೆನಪಿಟ್ಟುಕೊಂಡವರಿಗೆ ಅವಮಾನವಾಗುತ್ತದೆ. ಆದರೆ ಹೊಸಬರಿಗೆ ಕಥೆ ತಿಳಿಯಲೇಬೇಕೆಂದು ಕಂಪನಿ ಬರೆದು ಕಳಿಸಿತ್ತು. ಎತ್ತು ಏರಿಗೆ, ಕೋಣ ನೀರಿಗೆ.

ಎರಡನೆಯ ಸಲ ನಾನು ಜಾಣತನ ಮಾಡಿದೆ. ನಮ್ಮ ಶೂರ ಹಾರುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತಾನೆ. ಹೆಲ್ಮೆಟ್ ಹಾಕಿದ ಪಾತ್ರ ಡಬ್ಬಿಂಗಿನವರ ಪಾಲಿಗೆ ಮನೆದೇವರು. ತುಟಿ ಕಾಣುವುದಿಲ್ಲ, ಹೇಳಿಸಿದ್ದೆಲ್ಲ ಹೇಳುತ್ತಾನೆ. ಅಪ್ಪ, ಬೆಂಕಿ, ಬಾಗಿಲು, ಜೈಲು, ಕಲ್ಲು ಎಲ್ಲವನ್ನೂ ಅವನು ಮೋಡಗಳ ನಡುವೆ ಹಾರುವ ದೃಶ್ಯಕ್ಕೆ ಸಾಗಿಸಿದೆ. ಖಾಲಿಯಾದ ಅಕ್ಕನ ನಲವತ್ತು ಸೆಕೆಂಡಿಗೆ "ಹುಷಾರಪ್ಪ, ಹೊತ್ತಿಗೆ ಸರಿಯಾಗಿ ಊಟ ಮಾಡು, ಚಳಿ ಜಾಸ್ತಿ ಇದೆ" ಎಂಬಂಥ ಅಕ್ಕರೆಯ ಮಾತು ತುಂಬಿದೆ. ಮಾಲೀಕರಿಗೆ ಹಿಡಿಸಿತು. ಕ್ಯಾಷಿಯರಮ್ಮ ಶನಿವಾರ ಬ್ಯಾಂಕ್ ಮುಗಿಸಿ ಬಂದು ನೋಡಿದರು.

"ಆಕಾಶದಲ್ಲಿ ಒಬ್ಬನೇ ಮಾತಾಡ್ಕೊಂಡು ಹೋಗ್ತಾ ಇದಾನಲ್ಲ, ತಲೆಗಿಲೆ ಕೆಟ್ಟಿದ್ಯಾ ಇವ್ನಿಗೆ? ಯಾರ್ ಹತ್ರ ಹೇಳ್ತಾವ್ನೆ, ಕಾಗೆಗಾ?" ಎಂದರು. ಅಕ್ಕನ ದೃಶ್ಯ ಮುಗಿದ ಮೇಲೆ, "ಇವ್ಳ್ ಯಾಕ್ ಹಿಂಗೆ ಅಳು ನುಂಗ್ಕೊಂಡು ಚಳಿ ಬಗ್ಗೆ ಮಾತಾಡ್ತಾಳೆ?" ಎಂದು ಕೇಳಿದರು.

ಅದು ನಿಜಕ್ಕೂ ಮುಟ್ಟಿತು. ಅಷ್ಟು ದಿನ ಅವಳ ತುಟಿಯನ್ನೇ ನೋಡುತ್ತಿದ್ದ ನಾನು ಅವಳ ಕಣ್ಣನ್ನು ನೋಡಿರಲಿಲ್ಲ. ಆ ನಟಿ ದನಿ ಏರಿಸುವುದಿಲ್ಲ. ತುಟಿಯ ಕೊನೆಯಲ್ಲಿ ಒಂಚೂರು ನಗೆ. ಕಣ್ಣಲ್ಲಿ ಮಾತ್ರ ನೀರು ನಿಂತಿದೆ. ಅವಳ ಮುಖ ಹೇಳುತ್ತಿದ್ದುದು ವಾರ್ತೆಯೂ ಅಲ್ಲ, ಚಳಿಯ ಸಮಾಚಾರವೂ ಅಲ್ಲ. ಏನೆಂದು ಮಾತ್ರ ನನಗೆ ಹೊಳೆಯಲಿಲ್ಲ. ಪ್ರದರ್ಶನಕ್ಕೆ ವಾರವೊಂದು ಉಳಿದಿತ್ತು. ಮಾಲೀಕರು ನನ್ನನ್ನು ಕಂಡಾಗಲೆಲ್ಲ "ಆಯ್ತಾ?" ಎನ್ನುವುದನ್ನು ಬಿಟ್ಟು, ಸುಮ್ಮನೆ ಕಾಫಿ ತರಿಸಲು ಶುರು ಮಾಡಿದ್ದರು. ಅದು ಇನ್ನೂ ಕಷ್ಟ.

ಇದರ ನಡುವೆ ಮನೆಯಲ್ಲಿ ಇನ್ನೊಂದು ಪಜೀತಿ. ನನ್ನ ತಮ್ಮ ತುಮಕೂರಿನಲ್ಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಿದ್ದ. ನಮ್ಮ ಕಡೆ ಹತ್ತಿರದವರನ್ನು ಮನೆಗೇ ಹೋಗಿ, ಕುಂಕುಮ ಕೊಟ್ಟು ಕರೆಯಬೇಕು. ಆ ಮಹಾನುಭಾವ ಎಲ್ಲರಿಗೂ ಒಂದೇ ಏಟಿಗೆ ವಾಟ್ಸಾಪ್‌ನಲ್ಲಿ ಪತ್ರಿಕೆ ಕಳಿಸಿಬಿಟ್ಟಿದ್ದ, ಕುಣಿಗಲ್ಲಿನ ದೊಡ್ಡಮ್ಮನಿಗೂ ಸೇರಿಸಿ. ದೊಡ್ಡಮ್ಮ ಎಂದರೆ ಅಮ್ಮನ ಒಡಹುಟ್ಟಿದ ಅಕ್ಕ. ಅವರು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. ಭಾನುವಾರ ಅಮ್ಮ ನನ್ನನ್ನು ಎಳೆದುಕೊಂಡು, ಕುಂಕುಮದ ಬಟ್ಟಲು, ಹಣ್ಣು ಹಿಡಿದು ಕುಣಿಗಲ್ ಬಸ್ಸು ಹತ್ತಿದರು. ನನಗೆ ಹೋಗಲು ಮನಸ್ಸಿರಲಿಲ್ಲ. ದಾರಿಯುದ್ದಕ್ಕೂ ಫೋನಿನಲ್ಲಿ ಆ ನಲವತ್ತು ಸೆಕೆಂಡನ್ನೇ ದನಿಯಿಲ್ಲದೆ ನೋಡುತ್ತಾ ಕೂತಿದ್ದೆ.

ದೊಡ್ಡಮ್ಮ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಓಹೋ, ತುಮಕೂರಿನ ದೊಡ್ಡ ಜನ. ದಾರಿಗೀರಿ ತಪ್ಪಿ ಬಂದ್ರಾ?"

"ಅಕ್ಕ, ಮೊದ್ಲು ಕುಂಕುಮ ತಗೊ" ಎಂದರು ಅಮ್ಮ.

"ಕುಂಕುಮ ಯಾಕವ್ವ? ಫೋನಲ್ಲೇ ಕಳ್ಸಿದ್ರಲ್ಲ. ಅದ್ರಲ್ಲೇ ಒರೆಸಿ ಹಣೆಗಿಟ್ಕೊಂಡೆ." ದೊಡ್ಡಮ್ಮ ದನಿ ಏರಿಸಲಿಲ್ಲ. ಒಂದು ಅವರೆಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು. "ನಿನ್ನ ಹೆರಿಗೆಲಿ ಆಸ್ಪತ್ರೆ ಬಾಗ್ಲಲ್ಲಿ ಮಲಗಿದ್ದೋಳು ಯಾರೋ ದಾರೀಲಿ ಹೋಗೋಳು ಬುಡು. ಆ ಕೂಸಿಗೆ ಕಾಮಾಲೆ ಅಂದಾಗ ಮಳೇಲಿ ಸೆರಗಲ್ಲಿ ಸುತ್ಕೊಂಡು ತುಮಕೂರಿಗೆ ಓಡಿದ್ದೂ ಆ ದಾರೀಲಿ ಹೋಗೋಳೇ. ಆ ಕೂಸು ಈಗ ಮನೆ ಕಟ್ಟವ್ನಂತೆ. ಯಾರೋ ಅಂದ್ರು."

"ನೀನೇನ್ ಕಮ್ಮೀನಾ?" ಅಮ್ಮನಿಗೂ ತಡೆಯಲಾಗಲಿಲ್ಲ. "ಅವ್ವ ಸಾಯೋವಾಗ ಓಲೆ ಚಿಕ್ಕೋಳಿಗೆ ಕೊಡಿ ಅಂದಿದ್ಲು. ಅವ್ ಇವತ್ತೂ ಯಾರ ಕಿವೀಲವೆ? ನಾನ್ ಒಂದ್ ದಿನನಾದ್ರೂ ಕೇಳಿದ್ನಾ?"

"ಈಗ ಕೇಳ್ತಾ ಇದೀಯಲ್ಲ!"

ಒಬ್ಬರ ಮುಖದಲ್ಲೂ ಜೋರಿಲ್ಲ. ಇಬ್ಬರ ತುಟಿಯ ಕೊನೆಯಲ್ಲೂ ಒಂಚೂರು ಕೊಂಕು ನಗೆ. ಇಬ್ಬರ ಕಣ್ಣಲ್ಲೂ ನೀರು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಆ ಪರದೇಶದ ಅಕ್ಕ ಅದೇ ಮುಖ ಹೊತ್ತು ನಿಂತಿದ್ದಳು.

ಅಷ್ಟರಲ್ಲಿ ದೊಡ್ಡಮ್ಮನ ಹೊಸ ಸೊಸೆ ಕಾಫಿ ತಂದು, ನನ್ನ ಪಕ್ಕ ಬಗ್ಗಿ ಪಿಸುಗುಟ್ಟಿದಳು. ಕಡಬದ ಹುಡುಗಿ, ಮದುವೆಯಾಗಿ ಇನ್ನೂ ಎರಡು ತಿಂಗಳು. ಹೆಚ್ಚು ಮಾತಾಡದ ಮನೆಗೆ ಬಂದು ಯಾರು ಯಾರಿಗೆ ಏನಾಗಬೇಕೆಂದೇ ತಿಳಿಯದೆ ಕಣ್ಣು ಕಣ್ಣು ಬಿಡುತ್ತಿದ್ದವಳು.

"ಅಕ್ಕ, ಅತ್ತೆ ಎತ್ಕೊಂಡು ಓಡಿದ್ ಮಗು ನಿಮ್ ತಮ್ಮನೇ ಅಲ್ವಾ? ಅದಕ್ಕೇ ಅವ್ರಿಗೆ ಅವನ್ ಕಂಡ್ರೆ ಅಷ್ಟ್ ಪ್ರಾಣ. ಆ ಓಲೆ ಅಜ್ಜೀದು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ."

ನನಗೆ ಕುಳಿತಲ್ಲೇ ಕುಣಿಯುವಂತಾಯಿತು. ಒಂದು ಲೋಟ ಕಾಫಿ ಆರುವುದರೊಳಗೆ ಆ ಹುಡುಗಿಗೆ ಮನೆಯ ಅರ್ಧ ಚರಿತ್ರೆ ತಿಳಿದಿತ್ತು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಇಬ್ಬರು ಅಕ್ಕತಂಗಿಯರು ಇಬ್ಬರಿಗೂ ಗೊತ್ತಿದ್ದದ್ದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ತಿಳಿಸಲಿಕ್ಕಲ್ಲ, ಚುಚ್ಚಲಿಕ್ಕೆ. ನಮ್ಮವರು ಗೊತ್ತಿರುವುದನ್ನು ಮತ್ತೆ ಹೇಳುವುದು ಹಂಗಿಸುವಾಗ ಮಾತ್ರ. ಹಂಗಿಸುವುದಾದರೂ ಯಾರನ್ನು? ಬಿಡಲಾಗದವರನ್ನು.

ದೊಡ್ಡಮ್ಮ ಕೊನೆಗೆ ಕೈ ಒರೆಸಿಕೊಂಡು ಕುಂಕುಮ ಇಟ್ಟುಕೊಂಡರು. "ಬರ್ತೀನಿ ಬುಡು. ಹಾಲು ಉಕ್ಸೋಳು ಮಾತ್ರ ನಾನೇ. ಬೇರೆ ಯಾರಾದ್ರೂ ಒಲೆ ಮುಟ್ಟಿದ್ರೆ ನೋಡು" ಎಂದರು. ಅಮ್ಮ ಅಳುತ್ತಾ ನಗುತ್ತಾ ಅವರೆಕಾಳಿಗೆ ಕೈ ಹಾಕಿದರು. ಅಂದು ಮಧ್ಯಾಹ್ನ ಆ ಮನೆಯಲ್ಲಿ ಉಂಡ ಅವರೆಕಾಳು ಸಾರು, ಮುದ್ದೆಯಷ್ಟು ರುಚಿಯಾದ ಊಟವನ್ನು ನಾನು ಈಚೆಗೆ ಉಂಡಿರಲಿಲ್ಲ.

ವಾಪಸ್ಸು ಬಸ್ಸಿನಲ್ಲೇ ಬರೆದೆ. ಹೊಸಬರಿಗೆ ತಿಳಿಯಬೇಕಾದ ಮುಖ್ಯ ಸಂಗತಿ ಒಂದನ್ನೂ ಬಿಡಲಿಲ್ಲ. ಹೇಳುವ ಕಾರಣವನ್ನು ಮಾತ್ರ ಬದಲಾಯಿಸಿದೆ:

"ಹಾರಪ್ಪ, ಹಾರು. ನಿನಗೇನು? ಅಪ್ಪ ಒಳಗೆ ಬೇಯ್ತಿದ್ದಾಗ ಬಾಗಿಲು ಹಾಕಿದ್ಯಾರು ಅಂತ ಕೇಳಿದ್ರು. ನಿನ್ನ ಹೆಸರು ನುಂಗಿ, ನಾನೇ ಅಂದೆ. ಏಳು ವರ್ಷ ಕಂಬಿ ಎಣಿಸಿದೆ. ನೀನು ಅಪ್ಪನ ಕಲ್ಲನ್ನ ಎದೆಗೆ ಕಟ್ಕೊಂಡು ದೇವರಾದೆ. ಆಗು. ಊರೆಲ್ಲ ಕಾಪಾಡು. ಆ ಕಲ್ಲು ಒಡೆದ ದಿನ ನಿನ್ನ ಉಸಿರೂ ನಿಲ್ಲುತ್ತಲ್ಲ, ಆಮೇಲೆ ನಾನು ಯಾರನ್ನ ಬೈಲಿ?"

ತುಟಿಗೆ ಕೂರಿಸಲು ಮತ್ತೆ ಎರಡು ದಿನ ಹಿಡಿಯಿತು. "ಪ್ರಯೋಗಾಲಯ" ಇದ್ದ ಜಾಗಕ್ಕೆ "ಅಪ್ಪ" ತಾನಾಗಿ ಬಂದು ಕೂತಿತು. "ಆಗು" ಎಂದ ಮೇಲೆ ಅವಳು ಗುಟುಕು ನುಂಗುವಷ್ಟು ಬಿಡುವು ಸಿಕ್ಕಿತು. ಹಳೆಯ ಮಾತು ಅವಳ ಬಾಯಿಗಿಂತ ಮೊದಲೇ ಮುಗಿದು, ಟೀಚರ್ ಅಲ್ಲೊಂದು ನಿಟ್ಟುಸಿರು ಸೇರಿಸಬೇಕಾಗಿತ್ತು. ಈಗ ಅವಳ ಬಾಯಿ ಅರೆ ತೆರೆದು ನಿಂತ ಕಡೆಯೇ ನನ್ನ ಪ್ರಶ್ನೆಯೂ ನಿಂತಿತು.

ಮಾಲೀಕರು ಓದಿ ಗಲ್ಲ ಕೆರೆದುಕೊಂಡರು. "ಮೂಲದಲ್ಲಿ ಬೈಗುಳ ಇಲ್ವಲ್ಲ ಮೇಡಂ. ಹಳೇದೂ ರೆಕಾರ್ಡ್ ಆಗಿದೆ. ಎರಡೂ ಕಳ್ಸೋಣ, ಅವ್ರಿಗೆ ಯಾವ್ದು ಬೇಕೋ ಆರ್ಸ್ಕೊಳ್ಲಿ."

"ಎರಡು ಕಳಿಸಿದರೆ ಮೂಲಕ್ಕೆ ಹತ್ತಿರದ್ದನ್ನೇ ಆರಿಸ್ತಾರೆ ಸಾರ್. ನಮ್ಮ ಅಭಿಮಾನಿಗಳು ಮತ್ತೆ ಹಣೆ ಚಚ್ಚಿಕೊಳ್ತಾರೆ. ಇದೊಂದೇ ಹೋಗಲಿ. ಬಿದ್ದರೆ ನನ್ನ ತಲೆ ಮೇಲೆ."

ಅವರು ಕೆಳಗಿನ ಗರಗಸದ ಸದ್ದು ನಿಲ್ಲುವ ತನಕ ಯೋಚಿಸಿ, "ಆಯ್ತು, ಟೀಚರ್‌ಗೆ ಫೋನ್ ಮಾಡಿ" ಎಂದರು.

ಟೀಚರ್ ನಿಟ್ಟೂರಿನಿಂದ ಬೆಳಗಿನ ರೈಲಿಗೆ ಬಂದರು. ಮೊದಲ ಸಲ ಎಂದಿನಂತೆ ಸ್ಪಷ್ಟವಾಗಿ, ಚೆಂದವಾಗಿ ಓದಿದರು. ಚುಚ್ಚಲೇ ಇಲ್ಲ. "ಟೀಚರ್, ನಿಮಗೆ ತಮ್ಮ ಇದಾನಾ?" ಎಂದು ಕೇಳಿದೆ.

"ಅವ್ನೆ ಬಿಡಿ ಮೇಡಂ. ಅವ್ನ ವಿಷ್ಯ ತೆಗೀಬೇಡಿ."

"ಅವನೇ ಎದುರಿಗಿದಾನೆ ಅಂದ್ಕೊಳ್ಳಿ. ಕೂಗಬೇಡಿ. ಮೆಲ್ಲಗೆ."

"ಹಂಗಾದ್ರೆ ನಲವತ್ತು ಸೆಕೆಂಡು ಎಲ್ಲಿಗ್ ಸಾಕಾಯ್ತದೆ?" ಎಂದು ನಕ್ಕು, ನೀರು ಕುಡಿದು, ಹೆಡ್‌ಫೋನ್ ಏರಿಸಿದರು. ಈ ಸಲ "ನಿನಗೇನು?" ಎಂದ ಧಾಟಿಗೇ ಕಂಪ್ಯೂಟರಿನ ಮುಂದೆ ಕೂತಿದ್ದ ಮಾಲೀಕರು ಬೆನ್ನು ನೆಟ್ಟಗೆ ಮಾಡಿದರು. "ಯಾರನ್ನ ಬೈಲಿ" ಎನ್ನುವಾಗ ಟೀಚರ್ ದನಿ ಒಡೆಯಿತು. ಇನ್ನೊಂದು ಸಲ ಮಾಡೋಣವೇ ಎಂದು ಯಾರೂ ಕೇಳಲಿಲ್ಲ. ನಾನು ಕಣ್ಣೊರೆಸಿಕೊಂಡೆ, ಆಮೇಲೆ ನಮಗೆಲ್ಲ ಮಸಾಲೆ ದೋಸೆ ತರಿಸಿದೆ.

ಪ್ರದರ್ಶನ ನಡೆದದ್ದು ತುಮಕೂರಿನ ಒಂದು ಸಣ್ಣ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಒಂದು ಕಡೆ ಕ್ಯಾಷಿಯರಮ್ಮನ ಅಭಿಮಾನಿ ಬಳಗ. ಇನ್ನೊಂದು ಕಡೆ ಮೊದಲ ಭಾಗದ ಹೆಸರನ್ನೂ ಕೇಳದ ಹೊಸಬರು. ಅವರಲ್ಲಿ ನಮ್ಮ ಕೆಳಗಿನ ಪ್ಲೈವುಡ್ ಅಂಗಡಿಯ ಯಜಮಾನರ ಹೆಂಡತಿಯೂ ಇದ್ದರು. ಮುಂಬೈನಿಂದ ಬಂದ ಕಂಪನಿಯ ಪ್ರತಿನಿಧಿ ಕನ್ನಡ ಬಾರದವನು. ಪರದೆಯ ಬದಲು ಜನರ ಮುಖ ನೋಡುತ್ತಾ ಮೂಲೆಯಲ್ಲಿ ಕೂತಿದ್ದ. ಹೊಡೆದಾಟಕ್ಕೆ ಶಿಳ್ಳೆ ಬಿತ್ತು. ಅಕ್ಕ ಬಂದಳು. ನಾನು ಕ್ಯಾಷಿಯರಮ್ಮನ ಕೈಯನ್ನೇ ನೋಡುತ್ತಿದ್ದೆ, ಅದೆಲ್ಲಿ ಹಣೆಗೆ ಹೋಗುತ್ತದೋ ಎಂದು. ಹೋಗಲಿಲ್ಲ. ಸೀರೆಯ ಸೆರಗು ಹಿಡಿದುಕೊಂಡು ಹಾಗೇ ಇತ್ತು.

ದೀಪ ಹಾಕಿದ ಮೇಲೆ ಪ್ರತಿನಿಧಿ ಎದ್ದು ನಿಂತು, ಮಾತುಗಳು ಹೇಗಿವೆ, ಸಂಕೋಚವಿಲ್ಲದೆ ಹೇಳಿ ಎಂದು ಕೇಳಿಕೊಂಡ. ಮಾಲೀಕರು ಅದನ್ನು ಕನ್ನಡದಲ್ಲಿ ಹೇಳಿದರು. ಯಾರೂ ಮಾತಿನ ಬಗ್ಗೆ ಮಾತೆತ್ತಲಿಲ್ಲ.

"ಪಾಪ ಕಣ್ರೀ ಆ ಹುಡ್ಗ" ಎಂದರು ಪ್ಲೈವುಡ್ ಅಂಗಡಿಯವರ ಹೆಂಡತಿ.

"ಪಾಪ ಏನ್ರೀ, ಪಾಪ?" ಕ್ಯಾಷಿಯರಮ್ಮ ಗಿರಕ್ಕನೆ ತಿರುಗಿದರು. "ಏಳ್ ವರ್ಷ ಕಂಬಿ ಎಣ್ಸಿದ್ದು ಯಾರು? ಅವ್ನಾ?"

"ಎಣಿಸ್ಲಿ ಬಿಡಿ. ಅಪ್ಪ ಒಳಗವ್ನೆ ಅಂತ ಗೊತ್ತಿದ್ದು ಬಾಗ್ಲು ಹಾಕ್ತಾನಾ ಯಾರಾದ್ರೂ? ಕಲ್ಲು ಒಡುದ್ರೆ ಸಾಯೋನು ಅವ್ನು ತಾನೆ? ಸಾಯೋ ಹುಡುಗನ್ನ ಹಿಡ್ಕೊಂಡು ಹಂಗ್ ಅಂತಾರಾ ಒಡಹುಟ್ಟಿದೋರು?"

"ಒಡಹುಟ್ಟಿದೋರಲ್ದೆ ಬೀದೀಲಿ ಹೋಗೋರು ಅಂತಾರಾ?"

ಹಿಂದಿನ ಸಾಲಿನವರೂ ಎದ್ದರು. ಒಬ್ಬರು ಅಕ್ಕನ ಕಡೆ, ಇನ್ನೊಬ್ಬರು ತಮ್ಮನ ಕಡೆ, ಮತ್ತೊಬ್ಬರು ಸತ್ತ ಅಪ್ಪನದೇ ತಪ್ಪು ಎಂದು ಬೇರೆ ದಾರಿ. ಸಭಾಂಗಣ ಸಂತೆಯಾಯಿತು. ಪ್ರತಿನಿಧಿಯ ಮುಖ ಇಳಿಯಿತು. ನನ್ನ ಹತ್ತಿರ ಬಂದು, ಇಷ್ಟೊಂದು ಸಿಟ್ಟೇ, ಮಾತು ಅಷ್ಟು ಕೆಟ್ಟದಾಗಿದೆಯೇ ಎಂದು ಮೆಲ್ಲಗೆ ಕೇಳಿದ.

ಜಗಳ ಮಾತಿನದಲ್ಲ, ಅಕ್ಕತಮ್ಮನದು ಎಂದು ಹೇಳಿದೆ. ಅವನು ಪ್ಲೈವುಡ್ ಅಂಗಡಿಯವರ ಹೆಂಡತಿಯತ್ತ ಬೆರಳು ಮಾಡಿ, ಆಯಮ್ಮ ಮೊದಲ ಭಾಗ ನೋಡಿದ್ದಾರೆಯೇ ಎಂದ. ಇಲ್ಲ ಎಂದೆ. ಹಾಗಾದರೆ ಇಷ್ಟು ಹೊತ್ತಿನಿಂದ ಏನು ಹೇಳುತ್ತಿದ್ದಾರೆ? ನಾನು ಒಂದೊಂದೇ ಬಿಡಿಸಿ ಹೇಳಿದೆ: ಬೆಂಕಿ, ಬಾಗಿಲು, ಜೈಲು, ಕಲ್ಲು. ಅವನು ಸ್ವಲ್ಪ ಹೊತ್ತು ಆಯಮ್ಮನನ್ನೇ ನೋಡಿದ. ಆಮೇಲೆ ಫೋನ್ ಜೇಬಿಗೆ ಹಾಕಿಕೊಂಡು, ಉಳಿದ ಸಿನಿಮಾ ಎಷ್ಟು ದಿನದಲ್ಲಿ ಮಾಡಿಕೊಡುತ್ತೀರಿ ಎಂದು ಮಾಲೀಕರನ್ನು ಕೇಳಿದ.

ಮಾಲೀಕರು ನನ್ನ ಕೈ ಹಿಡಿದು ಕುಲುಕಲು ಬಂದರು. ನನಗೆ ಪುರುಸೊತ್ತಿರಲಿಲ್ಲ. ಪ್ಲೈವುಡ್ ಅಂಗಡಿಯವರ ಹೆಂಡತಿ ಅಷ್ಟು ಹೊತ್ತಿಗೆ, ಆ ಅಕ್ಕನಿಗೆ ಕರುಳೇ ಇಲ್ಲ ಎಂದುಬಿಟ್ಟಿದ್ದರು. ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

"ಏನಂದ್ರಿ? ಕರುಳಿಲ್ವಾ?" ಎಂದು ಕುರ್ಚಿಗಳನ್ನು ಸರಿಸಿಕೊಂಡು ನಾನೂ ಜಗಳದೊಳಕ್ಕೆ ನುಗ್ಗಿದೆ.